ಪ್ರೈಮರಿ ಹಾಕದ ಸ್ಲೈಡೂ ಕಂದು ಬರುತ್ತಿದೆ: ಬಯೋಟಿನ್-ಸ್ಟ್ರೆಪ್ಟಾವಿಡಿನ್ ಸ್ಟೇನಿಂಗ್, ಇಲಿಯ ಲಿವರ್

ಸ್ಲೈಡ್‌ಪೆಟ್ಟಿಗೆ, ಧಾರವಾಡ

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮೂರು ವಾರದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ, ದಯವಿಟ್ಟು ದಾರಿ ತೋರಿಸಿ.

ಇಲಿಯ ಲಿವರ್‌ನಲ್ಲಿ ಯಾವ ಜೀವಕೋಶಗಳು ಸಾಯುವ ಹಾದಿ ಹಿಡಿದಿವೆ ಅಂತ ನೋಡಬೇಕು. ಅದಕ್ಕೆ ಕೋಶ ಸಾಯುವಾಗ ಚುರುಕಾಗುವ ಎಂಜೈಮು ಕ್ಯಾಸ್ಪೇಸ್-3ರ ಸಕ್ರಿಯ ರೂಪ ಹುಡುಕುತ್ತಿದ್ದೇನೆ. ಪ್ಯಾರಾಫಿನ್ ಸೆಕ್ಷನ್, 5 ಮೈಕ್ರಾನ್ ದಪ್ಪ. ಮುಚ್ಚಿಹೋದ ಪ್ರೋಟೀನ್ ಆಂಟಿಬಾಡಿಗೆ ಸಿಗಲಿ ಅಂತ ಸಿಟ್ರೇಟ್ ಬಫರ್‌ನಲ್ಲಿ ಕುದಿಸಿ ಆಂಟಿಜೆನ್ ರಿಟ್ರೀವಲ್ ಮಾಡುತ್ತೇನೆ. ಕ್ಯಾಸ್ಪೇಸ್‌ಗೆ ಅಂಟುವ ಮೊಲದ ಪ್ರೈಮರಿ ಆಂಟಿಬಾಡಿ, ರಾತ್ರಿಯಿಡೀ 4 ಡಿಗ್ರಿಯಲ್ಲಿ. ಮರುದಿನ ಆ ಪ್ರೈಮರಿಗೆ ಅಂಟುವ, ಬಯೋಟಿನ್ ಅಂಟಿಸಿದ ಸೆಕೆಂಡರಿ ಆಂಟಿಬಾಡಿ ಅರ್ಧ ಗಂಟೆ, ಆಮೇಲೆ ಬಯೋಟಿನ್ ಹಿಡಿಯುವ ಸ್ಟ್ರೆಪ್ಟಾವಿಡಿನ್-ಎಚ್‌ಆರ್‌ಪಿ (ಎಚ್‌ಆರ್‌ಪಿ ಒಂದು ಪೆರಾಕ್ಸಿಡೇಸ್ ಎಂಜೈಮು) ಅರ್ಧ ಗಂಟೆ, ಕೊನೆಗೆ ಎಚ್‌ಆರ್‌ಪಿ ಇದ್ದಲ್ಲಿ ಕಂದಾಗುವ ಡಿಎಬಿ.

ಡಿಎಬಿ ಹಾಕಿ ಒಂದು ನಿಮಿಷ ಆಗುವಷ್ಟರಲ್ಲಿ ಇಡೀ ಲಿವರ್ ಕಂದು ಬಣ್ಣಕ್ಕೆ ತಿರುಗುತ್ತದೆ. 40ರ ಲೆನ್ಸ್‌ನಲ್ಲಿ ನೋಡಿದರೆ ನ್ಯೂಕ್ಲಿಯಸ್ ಮಾತ್ರ ನೀಲಿ. ಸುತ್ತಲೂ ಕೋಶದ ತುಂಬ ಸಣ್ಣ ಸಣ್ಣ ಕಂದು ಕಾಳು, ರವೆ ಚೆಲ್ಲಿದ ಹಾಗೆ. ಪ್ರೈಮರಿ ಹಾಕದೆ ಬಿಟ್ಟ ಕಂಟ್ರೋಲ್ ಸ್ಲೈಡ್ ಕೂಡ ಹಾಗೇ ಇದೆ. ಪ್ರೈಮರಿಯನ್ನು 1:100ರಿಂದ 1:1000ಕ್ಕೆ ಇಳಿಸಿದೆ, ಏನೂ ಬದಲಾಗಲಿಲ್ಲ. ಹೊಸ ಸೆಕೆಂಡರಿ ತರಿಸಿದೆ, ಅದರಿಂದಲೂ ಉಪಯೋಗ ಆಗಲಿಲ್ಲ. ಇದೇ ತಿಂಗಳು ಗೈಡ್‌ಗೆ ಫೋಟೋ ತೋರಿಸಬೇಕು.

ಪ್ಯಾಥ್‌ಲ್ಯಾಬ್, ಗದಗ

ಬ್ಲಾಕಿಂಗ್, ಅಂದರೆ ಬೇಡದ ಕಡೆ ಅಂಟದ ಹಾಗೆ ಮೊದಲೇ ಮುಚ್ಚುವುದು, ಸಾಲದು ಅನಿಸುತ್ತದೆ ತಂಗಿ. ನಾವು ಬ್ಲಾಟ್ (ಪ್ರೋಟೀನ್‌ಗಳನ್ನು ಪೊರೆಗೆ ಇಳಿಸಿ ಹುಡುಕುವ ಪರೀಕ್ಷೆ) ಮಾಡುವಾಗ 5 ಪರ್ಸೆಂಟ್ ಕೆನೆರಹಿತ ಹಾಲಿನ ಪುಡಿಯಲ್ಲಿ ಒಂದು ಗಂಟೆ ಇಡುತ್ತೇವೆ, ಬ್ಯಾಕ್‌ಗ್ರೌಂಡ್ ಪೂರ್ತಿ ಹೋಗುತ್ತದೆ. ಸ್ಲೈಡ್‌ಗೂ ಅದನ್ನೇ ಹಾಕಿ ನೋಡಿ. ಆಂಟಿಬಾಡಿಗಳನ್ನೂ ಅದೇ ಹಾಲಲ್ಲಿ ಕಲಸಿಕೊಳ್ಳಿ.

ಹಳೆ ಮೈಕ್ರೋಟೋಮ್, ಹುಬ್ಬಳ್ಳಿ

ತಂಗಿ, ಹಾಲಿಗೆ ಈಗಲೇ ಕೈ ಹಾಕಬೇಡ. ಗದಗದ ಸರ್ ಹೇಳಿದ್ದು ಸಾದಾ ಬ್ಲಾಟ್‌ಗೆ ಸರಿ. ಆದರೆ ನಿನ್ನ ಪದ್ಧತಿ ನಿಂತಿರುವುದೇ ಬಯೋಟಿನ್ ಮೇಲೆ, ಹಾಲಿನಲ್ಲಿ ಬಯೋಟಿನ್ ಇರುತ್ತದೆ. ಸ್ಟ್ರೆಪ್ಟಾವಿಡಿನ್ ಹಾಲಿನ ಬಯೋಟಿನ್ ಹಿಡಿದು ತುಂಬಿಕೊಂಡರೆ ನಿನ್ನ ಸೆಕೆಂಡರಿಗೆ ಅಂಟಲು ಅದಕ್ಕೆ ಜಾಗವೇ ಇರುವುದಿಲ್ಲ. ಆಗ ಬ್ಯಾಕ್‌ಗ್ರೌಂಡ್ ಹೋಗುತ್ತದೆ, ಜೊತೆಗೆ ನಿಜವಾದ ಸಿಗ್ನಲ್ಲೂ ಹೋಗುತ್ತದೆ.

ಮೊದಲು ಎರಡು ವಿಷಯ ಹೇಳು. ಅಂಗಾಂಶದ ಸ್ವಂತ ಪೆರಾಕ್ಸಿಡೇಸ್ ಕೊಲ್ಲುವ ಹೈಡ್ರೋಜನ್ ಪೆರಾಕ್ಸೈಡ್ ಹಂತ ಇದೆಯಾ? ಲಿವರ್ ಬಿಟ್ಟು ಬೇರೆ ಯಾವುದಾದರೂ ಅಂಗಕ್ಕೆ ಇದೇ ಸ್ಟೇನ್ ಮಾಡಿದ್ದೀಯಾ?

ಸ್ಲೈಡ್‌ಪೆಟ್ಟಿಗೆ, ಧಾರವಾಡ

ಇದೆ ಅಕ್ಕಾ. 3 ಪರ್ಸೆಂಟ್ ಪೆರಾಕ್ಸೈಡ್, 10 ನಿಮಿಷ. ಕಿಡ್ನಿಗೂ ಮಾಡಿದ್ದೇನೆ. ಅಲ್ಲಿ ಒಂದು ವಿಚಿತ್ರ ಇದೆ. ನಳಿಕೆಗಳೆಲ್ಲ ಕಂದು, ಆದರೆ ಅವುಗಳ ನಡುವೆ ರಕ್ತ ಸೋಸುವ ಗ್ಲೋಮೆರುಲಸ್‌ಗಳು ಸ್ವಚ್ಛವಾಗಿ ನೀಲಿ ಉಂಡೆಗಳ ಹಾಗೆ ಕಾಣುತ್ತವೆ. ಪ್ರೈಮರಿ ಇಲ್ಲದ ಸ್ಲೈಡ್‌ನಲ್ಲೂ ಹೀಗೇ.

ಹಳೆ ಮೈಕ್ರೋಟೋಮ್, ಹುಬ್ಬಳ್ಳಿ

ನೀನು ಹೇಳಿದ ಆ ಗ್ಲೋಮೆರುಲಸ್‌ನಿಂದಲೇ ನನಗೆ ಅರ್ಧ ಉತ್ತರ ಸಿಕ್ಕಿತು. ಸೆಕೆಂಡರಿ ಸುಮ್ನೆ ಎಲ್ಲ ಕಡೆ ಅಂಟುತ್ತಿದ್ದರೆ ಅದು ಗ್ಲೋಮೆರುಲಸ್ ಒಂದನ್ನೇ ಬಿಡುತ್ತಿರಲಿಲ್ಲ. ಕಂದು ಬಂದಿರುವುದು ಮೈಟೋಕಾಂಡ್ರಿಯಾ ಜಾಸ್ತಿ ಇರುವ ಕೋಶಗಳಲ್ಲಿ. ಲಿವರ್ ಕೋಶ, ಕಿಡ್ನಿ ನಳಿಕೆ, ಎರಡೂ ಅದೇ ಜಾತಿಯವು.

ಬಯೋಟಿನ್ ಅಂದರೆ ವಿಟಮಿನ್ ಬಿ7. ಪೈರುವೇಟ್ ಕಾರ್ಬಾಕ್ಸಿಲೇಸ್‌ನಂಥ ಎಂಜೈಮುಗಳು ಬಯೋಟಿನ್ ಅನ್ನು ಮೈಗೆ ಅಂಟಿಸಿಕೊಂಡೇ ಕೆಲಸ ಮಾಡುತ್ತವೆ. ಇವುಗಳಲ್ಲಿ ಹೆಚ್ಚಿನವು ಮೈಟೋಕಾಂಡ್ರಿಯಾದೊಳಗೆ ಇರುತ್ತವೆ. ನೀನು ನೋಡಿದ ರವೆಯಂಥ ಕಾಳು ಅದೇ ಇರಬೇಕು. ಪಾಪ, ಸ್ಟ್ರೆಪ್ಟಾವಿಡಿನ್‌ಗೆ ಯಾವುದು ನಿನ್ನ ಸೆಕೆಂಡರಿಯ ಬಯೋಟಿನ್, ಯಾವುದು ಇಲಿಯ ಸ್ವಂತದ್ದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಹಿಡಿಯುತ್ತದೆ. ಸಿಟ್ರೇಟ್‌ನಲ್ಲಿ ಕುದಿಸಿದಾಗ ಒಳಗೆ ಮುಚ್ಚಿಕೊಂಡಿದ್ದ ಬಯೋಟಿನ್ ಇನ್ನಷ್ಟು ಹೊರಗೆ ಬರುತ್ತದೆ.

ಆದರೆ ನಾನು ಹೇಳಿದೆ ಅಂತ ನಂಬಬೇಡ, ನಾಲ್ಕು ಸ್ಲೈಡ್ ಇಟ್ಟು ನೋಡು. ನಾಲ್ಕೂ ಒಂದೇ ಬ್ಲಾಕ್‌ನವು, ಒಂದೇ ದಿನದವು ಇರಲಿ. ಮೊದಲನೆಯದಕ್ಕೆ ಬರೀ ಡಿಎಬಿ. ಎರಡನೆಯದಕ್ಕೆ ಸ್ಟ್ರೆಪ್ಟಾವಿಡಿನ್-ಎಚ್‌ಆರ್‌ಪಿ, ಆಮೇಲೆ ಡಿಎಬಿ. ಮೂರನೆಯದಕ್ಕೆ ಸೆಕೆಂಡರಿಯಿಂದ ಶುರು ಮಾಡು. ನಾಲ್ಕನೆಯದಕ್ಕೆ ಎಲ್ಲವೂ. ಯಾವ ಸ್ಲೈಡ್‌ನಲ್ಲಿ ಕಂದು ಶುರುವಾಗುತ್ತದೋ ತಪ್ಪು ಅಲ್ಲಿದೆ. ಮೊದಲನೆಯದರಲ್ಲೇ ಬಂದರೆ ಅಂಗಾಂಶದ ಪೆರಾಕ್ಸಿಡೇಸ್ ಇನ್ನೂ ಸತ್ತಿಲ್ಲ. ಎರಡನೆಯದರಲ್ಲಿ ಬಂದರೆ ಇಲಿಯ ಸ್ವಂತ ಬಯೋಟಿನ್. ಮೂರನೆಯದರಲ್ಲಿ ಬಂದರೆ ಸೆಕೆಂಡರಿಯದೇ ಗಲಾಟೆ.

ಕೈಗವಸು ಮರೆಯಬೇಡ. ಡಿಎಬಿ ಕ್ಯಾನ್ಸರ್ ತರಬಹುದು ಅನ್ನುವ ಅನುಮಾನ ಇರುವ ವಸ್ತು. ಉಳಿದದ್ದನ್ನು ಸಿಂಕಿಗೆ ಸುರಿಯದೆ ಬೇರೆ ಬಾಟಲಿಯಲ್ಲಿ ಕೂಡಿಡು.

ಸ್ಲೈಡ್‌ಪೆಟ್ಟಿಗೆ, ಧಾರವಾಡ

ಅಕ್ಕಾ, ನಾಲ್ಕೂ ಮಾಡಿದೆ. ಬರೀ ಡಿಎಬಿ ಹಾಕಿದ್ದು ಸ್ವಚ್ಛ. ರಕ್ತನಾಳದೊಳಗೆ ಒಂದೆರಡು ಕೆಂಪು ರಕ್ತಕಣ ಮಾತ್ರ ತೆಳುವಾಗಿ ಕಂದು. ಎರಡನೆಯದು, ಅಂದರೆ ಒಂದು ಆಂಟಿಬಾಡಿಯೂ ಇಲ್ಲದ ಸ್ಲೈಡ್, ಕಡು ಕಂದು! ಮೂರನೆಯದು, ನಾಲ್ಕನೆಯದು ಅದರ ಹಾಗೇ ಇವೆ. ನೋಡಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಮೂರು ವಾರ ನಾನು ಆಂಟಿಬಾಡಿಯನ್ನೇ ಬೈಯುತ್ತಿದ್ದೆ.

ಈಗ ಆವಿಡಿನ್-ಬಯೋಟಿನ್ ಬ್ಲಾಕಿಂಗ್ ಕಿಟ್ ತರಿಸಬೇಕಾ? ಆರ್ಡರ್ ಹಾಕಿದರೆ ಬರಲು ತಿಂಗಳು ಹಿಡಿಯುತ್ತದೆ.

ಹಳೆ ಮೈಕ್ರೋಟೋಮ್, ಹುಬ್ಬಳ್ಳಿ

ಕಿಟ್ ಬರುವ ತನಕ ಕಾಯಬೇಕಿಲ್ಲ. ಒಂದು ಕೋಳಿ ತತ್ತಿ ತಗೊಂಡು ಬಾ.

ಆವಿಡಿನ್ ಇರುವುದೇ ತತ್ತಿಯ ಬಿಳಿ ಲೋಳೆಯಲ್ಲಿ. ಇದರ ಕಥೆ ನನಗೆ ಬಹಳ ಇಷ್ಟ. 1927ರಲ್ಲಿ ಮಾರ್ಗರೆಟ್ ಬೋಆಸ್ ಇಲಿಗಳಿಗೆ ಹಸಿ ತತ್ತಿಯ ಬಿಳಿ ಲೋಳೆ ತಿನ್ನಿಸಿ ನೋಡಿದರು. ಇಲಿಗಳ ಚರ್ಮ ಕೆಟ್ಟಿತು, ಕೂದಲು ಉದುರಿತು. ಲಿವರ್ ತಿನ್ನಿಸಿದರೆ ವಾಸಿಯಾಗುತ್ತಿತ್ತು. ಲೋಳೆಯೊಳಗಿನ ಒಂದು ಪ್ರೋಟೀನ್ ಹೊಟ್ಟೆಯಲ್ಲೇ ಬಯೋಟಿನ್ ಹಿಡಿದಿಟ್ಟುಕೊಂಡು ಮೈಗೆ ಸಿಗದ ಹಾಗೆ ಮಾಡುತ್ತಿತ್ತು ಅಂತ 1940ರ ಸುಮಾರಿಗೆ ಗೊತ್ತಾಯಿತು. ಅದೇ ಆವಿಡಿನ್. ಅವತ್ತು ಇಲಿಯನ್ನು ವಾಸಿ ಮಾಡಿದ ಲಿವರ್‌ನ ಬಯೋಟಿನ್ನೇ ಇವತ್ತು ನಿನ್ನ ಸ್ಲೈಡ್ ಕೆಡಿಸುತ್ತಿದೆ.

ಒಂದು ತಾಜಾ ತತ್ತಿಯ ಬಿಳಿ ಲೋಳೆಯನ್ನು 100 ಎಂಎಲ್ ಡಿಸ್ಟಿಲ್ಡ್ ನೀರಿಗೆ ಹಾಕಿ ನೊರೆ ಬರದ ಹಾಗೆ ನಿಧಾನ ಕಲಸು. ಎಳೆ ಎಳೆ ಉಳಿಯುತ್ತದೆ, ತೆಳು ಬಟ್ಟೆಯಲ್ಲಿ ಸೋಸು. ಸ್ಲೈಡ್ ಅದರಲ್ಲಿ 15 ನಿಮಿಷ ಇರಲಿ. ಚೆನ್ನಾಗಿ ತೊಳೆದು, ಮುಂದೆ ಬಯೋಟಿನ್ ಹಾಕಬೇಕು. ಗದಗದ ಸರ್ ಹೇಳಿದ 5 ಪರ್ಸೆಂಟ್ ಹಾಲಿನ ಪುಡಿ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ! 15 ನಿಮಿಷ ಹಾಲು, ಮತ್ತೆ ಮೂರು ಸಲ ತೊಳೆತ. ಆಮೇಲೆ ನಿನ್ನ ಸೀರಮ್, ಪ್ರೈಮರಿ ಎಲ್ಲ ಎಂದಿನಂತೆ. ಅಲ್ಲಿಂದ ಮುಂದೆ ಯಾವ ಹಂತಕ್ಕೂ ಹಾಲು ಸೋಕಬಾರದು.

ಪ್ಯಾಥ್‌ಲ್ಯಾಬ್, ಗದಗ

ಇದು ನನಗೂ ಹೊಸದು ಮೇಡಂ. ಆವಿಡಿನ್ ಹೋಗಿ ಬಯೋಟಿನ್ ಮುಚ್ಚಿದ ಮೇಲೆ ಮತ್ತೆ ಬಯೋಟಿನ್ ಯಾಕೆ?

ಹಳೆ ಮೈಕ್ರೋಟೋಮ್, ಹುಬ್ಬಳ್ಳಿ

ಒಂದು ಆವಿಡಿನ್‌ಗೆ ನಾಲ್ಕು ಬಾಯಿ ಸರ್. ಒಂದು ಬಾಯಿ ಇಲಿಯ ಬಯೋಟಿನ್ ಕಚ್ಚಿಕೊಂಡರೂ ಉಳಿದವು ತೆರೆದೇ ಇರುತ್ತವೆ. ಹಾಗೇ ಬಿಟ್ಟರೆ ಮುಂದೆ ಬರುವ ಸೆಕೆಂಡರಿಯ ಬಯೋಟಿನ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಬ್ಯಾಕ್‌ಗ್ರೌಂಡ್ ಮೊದಲಿಗಿಂತ ಜಾಸ್ತಿಯಾಗುತ್ತದೆ. ಹಾಲಿನ ಬಯೋಟಿನ್ ಆ ಖಾಲಿ ಬಾಯಿಗಳನ್ನು ತುಂಬುತ್ತದೆ. ಕಚ್ಚಿದ್ದು ಬಿಡುತ್ತದೆ ಅನ್ನುವ ಭಯ ಬೇಡ. ಡಿಸೋಸಿಯೇಷನ್ ಕಾನ್‌ಸ್ಟಂಟ್ (ಕಡಿಮೆ ಇದ್ದಷ್ಟೂ ಬಂಧ ಗಟ್ಟಿ) ಸುಮಾರು 10⁻¹⁵ ಮೋಲಾರ್. ಪ್ರಕೃತಿಯಲ್ಲಿ ಕೋವೇಲೆಂಟ್ ಅಲ್ಲದ ಬಂಧಗಳಲ್ಲಿ ಇದರಷ್ಟು ಗಟ್ಟಿಯಾದವು ತೀರಾ ಕಡಿಮೆ.

ಸ್ಲೈಡ್‌ಪೆಟ್ಟಿಗೆ, ಧಾರವಾಡ

ಅಕ್ಕಾ, ಮಾಡಿದೆ, ಆದರೆ ಅರ್ಧ ಮಾತ್ರ ಕಡಿಮೆಯಾಯಿತು. ಶ್ರಾವಣ ನಡೆದಿದೆ, ಮನೆಯೊಳಗೆ ತತ್ತಿ ತರುವ ಹಾಗಿಲ್ಲ, ಹಾಗಾಗಿ ಅಂಗಡಿಯಿಂದ ನೇರ ಲ್ಯಾಬಿಗೇ ತಂದೆ. ತತ್ತಿ ತಾಜಾನೇ ಇತ್ತು. ಎಲ್ಲ ಬ್ಲಾಕಿಂಗ್ ಒಟ್ಟಿಗೆ ಮುಗಿಸೋಣ ಅಂತ ಮೇಣ ಕರಗಿಸಿದ ಕೂಡಲೇ ತತ್ತಿ, ಹಾಲು ಎರಡೂ ಹಾಕಿ, ಆಮೇಲೆ ಸಿಟ್ರೇಟ್‌ನಲ್ಲಿ ಕುದಿಸಿದೆ.

ಹಳೆ ಮೈಕ್ರೋಟೋಮ್, ಹುಬ್ಬಳ್ಳಿ

ಅಲ್ಲೇ ತಪ್ಪಿದ್ದು. ಬಾಗಿಲು ಹಾಕಿ ಆಮೇಲೆ ಕಿಟಕಿ ತೆರೆದ ಹಾಗಾಯಿತು. ಕುದಿಸಿದಾಗ ಹೊಸ ಬಯೋಟಿನ್ ಹೊರಗೆ ಬಂತು, ಅದನ್ನು ಮುಚ್ಚಲು ಯಾರೂ ಇರಲಿಲ್ಲ. ಮೊದಲು ಕುದಿಸು, ಪೂರ್ತಿ ಆರಲಿ, ಆಮೇಲೆ ಪೆರಾಕ್ಸೈಡ್, ಅದಾದ ಮೇಲೆ ತತ್ತಿ, ಹಾಲು. ಬಫರ್ ಬಾಟಲಿಯ ಚೀಟಿ ಒಮ್ಮೆ ಓದು, ಸೋಡಿಯಂ ಅಜೈಡ್ ಇದ್ದರೆ ಅದರಲ್ಲಿ ಸ್ಟ್ರೆಪ್ಟಾವಿಡಿನ್-ಎಚ್‌ಆರ್‌ಪಿ ಕಲಸಬೇಡ. ಅಜೈಡ್ ಎಚ್‌ಆರ್‌ಪಿಯನ್ನು ಕೆಲಸ ಮಾಡಲು ಬಿಡುವುದಿಲ್ಲ.

ಸ್ಲೈಡ್‌ಪೆಟ್ಟಿಗೆ, ಧಾರವಾಡ

ಬಂತು ಅಕ್ಕಾ! ನಿನ್ನೆ ಮಧ್ಯಾಹ್ನ ಎರಡು ಸಲ ಕರೆಂಟ್ ಹೋಗಿ, ಕೊನೆಗೆ ಸಂಜೆ ಆರಕ್ಕೆ ಮೈಕ್ರೋಸ್ಕೋಪ್ ಹಚ್ಚಿದೆ. ಪ್ರೈಮರಿ ಇಲ್ಲದ ಸ್ಲೈಡ್ ಪೂರ್ತಿ ನೀಲಿ. ಬರೀ ಸ್ಟ್ರೆಪ್ಟಾವಿಡಿನ್ ಹಾಕಿದ್ದೂ ನೀಲಿ. ಪ್ರೈಮರಿ ಇರುವ ಸ್ಲೈಡ್‌ನಲ್ಲಿ ನೀಲಿ ಬಯಲಿನ ನಡುವೆ ಅಲ್ಲೊಂದು ಇಲ್ಲೊಂದು ಕೋಶ ಮಾತ್ರ ಕಡು ಕಂದು. ಪಕ್ಕದ ಕೋಶಕ್ಕಿಂತ ಕುಗ್ಗಿ, ಅಂಚಿನಿಂದ ಸ್ವಲ್ಪ ಬಿಡಿಸಿಕೊಂಡು ನಿಂತಿವೆ. ಸಾಯುತ್ತಿರುವ ಕೋಶ ಹೇಗಿರಬೇಕು ಅಂತ ಓದಿದ್ದೆನೋ ಹಾಗೇ ಇವೆ. ಇಷ್ಟು ದಿನ ಅವು ಆ ಕಂದಿನ ಕೆಳಗೇ ಇದ್ದವು.

ಹಳೆ ಮೈಕ್ರೋಟೋಮ್, ಹುಬ್ಬಳ್ಳಿ

ಬಹಳ ಖುಷಿಯಾಯಿತು ತಂಗಿ. ಬರೀ ಸ್ಟ್ರೆಪ್ಟಾವಿಡಿನ್ ಹಾಕಿದ ಸ್ಲೈಡ್ ಅನ್ನು ಇನ್ನು ಪ್ರತಿ ಬ್ಯಾಚ್‌ನಲ್ಲೂ ಇಡು. ಒಂದು ತತ್ತಿಯಲ್ಲಿ ಇದ್ದಷ್ಟು ಆವಿಡಿನ್ ಇನ್ನೊಂದರಲ್ಲಿ ಇರಲೇಬೇಕು ಅಂತೇನಿಲ್ಲ. ಲೋಳೆಯ ನೀರು ಪ್ರತಿ ಸಲ ಹೊಸದಾಗಿ ಮಾಡು, ಫ್ರಿಜ್‌ನಲ್ಲಿ ಇಟ್ಟು ಬಳಸಬೇಡ. ಮುಂದಿನ ವರ್ಷ ಗ್ರಾಂಟ್ ಬಂದರೆ ಲಿವರ್, ಕಿಡ್ನಿಗೆ ಪಾಲಿಮರ್ ಸೆಕೆಂಡರಿಗೆ ಹೋಗು. ಅದರಲ್ಲಿ ಎಚ್‌ಆರ್‌ಪಿ ನೇರ ಸೆಕೆಂಡರಿಗೇ ಕೂಡಿರುತ್ತದೆ, ಬಯೋಟಿನ್ ತಂಟೆಯೇ ಇಲ್ಲ. ಈ ಎರಡು ಅಂಗಕ್ಕೆ ನಾನಂತೂ ಅದನ್ನೇ ಆರಿಸುತ್ತೇನೆ.

ಜೆಲ್ ಮತ್ತು ಬ್ಲಾಟ್, ಹಾವೇರಿ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಇದನ್ನು ಓದುತ್ತಾ ನನ್ನ ಬ್ಲಾಟ್ ನೆನಪಾಯಿತು. ಕೋಶದ ಮೇಲ್ಮೈ ಪ್ರೋಟೀನ್‌ಗಳಿಗೆ ಬಯೋಟಿನ್ ಅಂಟಿಸಿ, ಸ್ಟ್ರೆಪ್ಟಾವಿಡಿನ್-ಎಚ್‌ಆರ್‌ಪಿಯಲ್ಲಿ ನೋಡುತ್ತೇನೆ. ಬ್ಲಾಕಿಂಗ್‌ಗೆ ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್), ಹಾಲು ಅಲ್ಲ. ಆದರೂ 75 ಕಿಲೋಡಾಲ್ಟನ್ ಹತ್ತಿರ, 130ರ ಹತ್ತಿರ ಎರಡು ಪಟ್ಟಿ ಯಾವಾಗಲೂ ಬರುತ್ತವೆ. ಅವು ಮೇಲ್ಮೈ ಪ್ರೋಟೀನೇ ಅಂತ ಬರೆದುಕೊಂಡಿದ್ದೆ.

ಹಳೆ ಮೈಕ್ರೋಟೋಮ್, ಹುಬ್ಬಳ್ಳಿ

ಈಗಲೇ ಅಳಿಸಬೇಡಿ, ಆದರೆ ಅನುಮಾನ ಇಟ್ಟುಕೊಳ್ಳಿ. ಪೈರುವೇಟ್ ಕಾರ್ಬಾಕ್ಸಿಲೇಸ್ 130ರ ಸುಮಾರಿಗೆ ಓಡುತ್ತದೆ. ಪ್ರೊಪಿಯೋನಿಲ್-ಕೋಎ ಮತ್ತು ಮೀಥೈಲ್‌ಕ್ರೋಟೋನಿಲ್-ಕೋಎ ಕಾರ್ಬಾಕ್ಸಿಲೇಸ್‌ಗಳ ಬಯೋಟಿನ್ ಇರುವ ತುಂಡು 75ರ ಹತ್ತಿರ. ಬಯೋಟಿನ್ ಅಂಟಿಸದ ಕೋಶದ ಲೈಸೇಟ್ (ಕೋಶ ಒಡೆದು ತೆಗೆದ ರಸ) ಅನ್ನು ಪಕ್ಕದ ಲೇನ್‌ನಲ್ಲಿ ಅಷ್ಟೇ ಪ್ರಮಾಣ ಹಾಕಿ ಓಡಿಸಿ.

ಜೆಲ್ ಮತ್ತು ಬ್ಲಾಟ್, ಹಾವೇರಿ

ಓಡಿಸಿದೆ ಮೇಡಂ. ಬಯೋಟಿನ್ ಅಂಟಿಸದ ಲೇನ್‌ನಲ್ಲಿ ಆ ಎರಡೇ ಪಟ್ಟಿ, ಬೇರೇನೂ ಇಲ್ಲ. ನೋಟ್‌ಬುಕ್‌ನಲ್ಲಿ ಹಳೆಯ ಆರು ಬ್ಲಾಟ್‌ಗಳ ಪಕ್ಕ ಇವತ್ತಿನ ತಾರೀಕು ಹಾಕಿ ತಿದ್ದಿ ಬರೆದೆ.