ಎಣ್ಮಕಜೆಯ ಎರಡೂಕಾಲು ಎಕರೆಯಲ್ಲಿ ಸ್ವಾವಲಂಬಿ ಕೃಷಿ ಸಾಧ್ಯವೇ?

ಪ್ರಶ್ನೆ: ಮರಳಿ ಊರಿಗೆ

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ ನಮ್ಮ ಪಾಲಿಗೆ ಬಂದಿರುವ ಎರಡೂಕಾಲು ಎಕರೆ ಜಾಗದ ಕುರಿತು ಅನುಭವಸ್ಥರ ಸಲಹೆ ಬೇಕಾಗಿದೆ. ಜಾಗವು ಇಳಿಜಾರಿನಲ್ಲಿದ್ದು, ಮೇಲ್ಭಾಗದಲ್ಲಿ ಮುರಕಲ್ಲಿನ (ಕೆಂಪುಕಲ್ಲಿನ) ಪಾರೆಯೂ ಕೆಲವು ಹಳೆಯ ಗೇರುಮರಗಳೂ, ನಡುವೆ ಚಿಕ್ಕಪ್ಪ ನೋಡಿಕೊಳ್ಳುತ್ತಿರುವ ಸುಮಾರು 350 ಅಡಿಕೆ ಮರಗಳೂ, ಕೆಳಗೆ ತೋಡಿನ (ಹಳ್ಳದ) ಬದಿಯಲ್ಲಿ ಬಹಳ ವರ್ಷಗಳಿಂದ ಬೇಸಾಯವಿಲ್ಲದೆ ಹಡೀಲು ಬಿದ್ದಿರುವ ಅರ್ಧ ಎಕರೆ ಗದ್ದೆಯೂ ಇವೆ. ತೋಟದ ಮೇಲ್ಬದಿಯಲ್ಲಿ ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡವಾಗಿ ಕೊರೆದ, ಅಜ್ಜನ ಕಾಲದ ಒಂದು ಸುರಂಗವಿದ್ದು, ಅದರ ನೀರು ತಾನಾಗಿಯೇ ಹರಿದು ಮಣ್ಣಿನ ಕೆರೆಗೆ ಬೀಳುತ್ತದೆ; ಎಪ್ರಿಲ್ ಹೊತ್ತಿಗೆ ಮಾತ್ರ ಅದು ಬಹಳ ಸಪೂರವಾಗುತ್ತದೆಂದು ಚಿಕ್ಕಪ್ಪ ಹೇಳುತ್ತಾರೆ.

ನಾನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದೇನೆ. ಮುಂದಿನ ವರ್ಷ ಕೆಲಸ ಬಿಟ್ಟು ಊರಿಗೆ ಬಂದು, ಉಪ್ಪು, ಸಕ್ಕರೆ, ಬಟ್ಟೆಗಳನ್ನು ಬಿಟ್ಟರೆ ಉಳಿದುದನ್ನೆಲ್ಲ ಸ್ವಂತ ಜಾಗದಲ್ಲಿಯೇ ಬೆಳೆದುಕೊಂಡು ಬದುಕಬೇಕೆಂಬುದು ಬಹುಕಾಲದ ಆಸೆ. ಅಮ್ಮ, ನಾನು, ಪತ್ನಿ, ಮಗಳು ಹೀಗೆ ನಾಲ್ಕು ಜನರ ಕುಟುಂಬ ನಮ್ಮದು. ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ಇಡು, ಒಂದು ಕೊಳವೆಬಾವಿ ತೆಗೆಸು, ಅಕ್ಕಿಯನ್ನು ಅಂಗಡಿಯಿಂದ ತಂದರಾಯಿತು ಎಂಬುದು ಚಿಕ್ಕಪ್ಪನ ಸಲಹೆ. ಅವರ ಮಾತನ್ನು ತೆಗೆದುಹಾಕುವಷ್ಟು ತಿಳಿವಳಿಕೆ ನನಗಿಲ್ಲ. ಆದರೆ ಗದ್ದೆಯನ್ನು ಮುಚ್ಚಲು ಮನಸ್ಸೂ ಬರುತ್ತಿಲ್ಲ. ನೀರು, ಗದ್ದೆ, ಆದಾಯ ಈ ಮೂರರ ವಿಷಯದಲ್ಲಿ ನಾನು ಮೊದಲು ಯಾವುದಕ್ಕೆ ಕೈಹಾಕಬೇಕು?

ಉತ್ತರ: ಬಾಯಾರು ಪದವು

ಮೊದಲು ನೀರಿಗೆ. ಉಳಿದ ಎರಡು ಪ್ರಶ್ನೆಗಳ ಉತ್ತರವೂ ಅದರೊಳಗೇ ಇದೆ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆಯಾದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಹೋಗುತ್ತದೆ. ಆದ್ದರಿಂದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಜಾಗ ನೋಡಿ ನೀರಿಗೇನೂ ಕೊರತೆಯಿಲ್ಲ ಎಂದುಕೊಂಡವರು ಎಪ್ರಿಲ್‌ನಲ್ಲಿ ಕಂಗಾಲಾಗುತ್ತಾರೆ. ನೀವು ಮಾಡಬೇಕಾದ ಮೊದಲ ಕೆಲಸಕ್ಕೆ ಕಾಸಿನ ಖರ್ಚಿಲ್ಲ. ಎಪ್ರಿಲ್ ಕೊನೆಗೆ ಊರಿಗೆ ಬಂದು, ಸುರಂಗದ ಬಾಯಿಯಲ್ಲಿ ನೀರು ಬೀಳುವಲ್ಲಿ ಹತ್ತು ಲೀಟರಿನ ಕೊಡಪಾನವನ್ನು ಇಟ್ಟು, ಅದು ತುಂಬಲು ಎಷ್ಟು ಹೊತ್ತು ಬೇಕಾಗುತ್ತದೆಂದು ಗಡಿಯಾರ ನೋಡಿ ಬರೆದುಕೊಳ್ಳಿ. ನಿಮಿಷಕ್ಕೆ ಒಂದು ಲೀಟರ್ ಎಂದರೆ ದಿನಕ್ಕೆ 1440 ಲೀಟರ್. ಹನಿ ನೀರಾವರಿಯಲ್ಲಿ ಅಡಿಕೆ ಮರವೊಂದಕ್ಕೆ ಬೇಸಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಬೇಕಾಗುತ್ತದೆ. 18 ಎಂದು ಹಿಡಿದರೆ ನಿಮ್ಮ 350 ಮರಗಳಿಗೆ 6300 ಲೀಟರ್ ಆಯಿತು. ಮನೆ, ದನದ ಹಟ್ಟಿ, ನಾಲ್ಕು ಸಾಲು ತರಕಾರಿಯ ಲೆಕ್ಕ ಸೇರಿಸಿದರೆ ನಿಮಿಷಕ್ಕೆ ಐದೂವರೆ ಲೀಟರ್ ಬರುವ ಸುರಂಗ ನಿಮಗೆ ಸಾಕು. ಹತ್ತು ಲೀಟರಿನ ಕೊಡ ಒಂದೂಮುಕ್ಕಾಲು ನಿಮಿಷದೊಳಗೆ ತುಂಬಿತೆಂದರೆ ಕೊಳವೆಬಾವಿಯ ಮಾತೇ ಬೇಡ. ನಾಲ್ಕು ನಿಮಿಷ ಹಿಡಿಯಿತೆಂದರೆ ಹೊಸ ಗಿಡ ಇಡುವ ಯೋಚನೆಯನ್ನು ಬಿಟ್ಟು ನೀರನ್ನು ಹೆಚ್ಚಿಸುವ ಕೆಲಸಕ್ಕೆ ತೊಡಗಬೇಕು.

ಸುರಂಗದ ನೀರು ಕಡಿಮೆಯಾಗಲು ಎಷ್ಟೋ ಸಲ ಒಳಗಿನ ತೊಂದರೆಯೇ ಕಾರಣವಾಗಿರುತ್ತದೆ. ಮರದ ಬೇರುಗಳು ನುಗ್ಗಿರುತ್ತವೆ, ಮೇಲಿನ ಮಣ್ಣು ಜರಿದು ನೆಲದಲ್ಲಿ ಕುಳಿತಿರುತ್ತದೆ, ನೀರು ಹಿಂದೆಯೇ ನಿಂತು ಬದಿಗೆ ಇಂಗಿ ಹೋಗುತ್ತಿರುತ್ತದೆ. ತಿಳಿದವರನ್ನು ಕರೆದು ಶುಚಿಗೊಳಿಸಿ. ನೀವೇ ಟಾರ್ಚ್ ಹಿಡಿದು ಒಳಹೊಗುವ ಸಾಹಸ ಮಾತ್ರ ಮಾಡಬೇಡಿ. ಕೊರೆಯುವವರು ಉರಿಯುವ ದೀಪವನ್ನೋ ಮೇಣದ ಬತ್ತಿಯನ್ನೋ ಒಯ್ಯುವುದು ಬೆಳಕಿಗಾಗಿ ಮಾತ್ರವಲ್ಲ, ಅದು ಮಂಕಾದರೆ ಉಸಿರಾಡುವ ಗಾಳಿ ಸಾಲದೆಂದು ತಿಳಿದು ಹಿಂದಿರುಗುವುದಕ್ಕಾಗಿ. ಒಬ್ಬ ಮನುಷ್ಯ ಕುಳಿತು ಪಿಕ್ಕಾಸು ಬೀಸುವಷ್ಟೇ ಅಗಲದ ಆ ದಾರಿಯಲ್ಲಿ ಕೆಲಸ ಮಾಡಬಲ್ಲವರು ಈಗ ನಮ್ಮ ಕಡೆ ಬೆರಳೆಣಿಕೆಯಷ್ಟು ಮಂದಿ. ಮಳೆಗಾಲ ಕಳೆದ ಕೂಡಲೇ ಹೇಳಿಡಬೇಕಾಗುತ್ತದೆ.

ಗಡಿಯಾಚೆ ಅಡ್ಯನಡ್ಕ ಸಮೀಪದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದುದನ್ನು ಕೇಳಿರಬಹುದು. ಅವರಿಗೆ ದೊರೆತದ್ದೂ ಎರಡು ಎಕರೆ ಬೋಳು ಇಳಿಜಾರು. ಕೂಲಿ ಕೆಲಸ ಮುಗಿಸಿ ಬಂದು ಒಬ್ಬರೇ ಸುರಂಗ ತೋಡಿದರು. ಒಂದರ ಮೇಲೊಂದು ವಿಫಲವಾದರೂ ಬಿಡದೆ ನೀರು ಕಂಡ ಮೇಲೆ ತೋಟ ಮಾಡಿದರು. ಅವರ ಕೆಲಸದ ಕ್ರಮವನ್ನು ಗಮನಿಸಿ: ನೀರು ಮೊದಲು, ಗಿಡ ಆಮೇಲೆ. ಪೇಟೆಯಿಂದ ಬರುವವರು ಸಾಮಾನ್ಯವಾಗಿ ಇದನ್ನು ತಿರುಗಿಸಿ ಮಾಡುತ್ತಾರೆ.

ಕೊಳವೆಬಾವಿಗೆ ನಾನು ವಿರೋಧಿಯಲ್ಲವಾದರೂ ನಿಮ್ಮ ಇಳಿಜಾರಿನಲ್ಲಿ ಅದನ್ನು ಕೊನೆಯ ದಾರಿಯಾಗಿ ಇಟ್ಟುಕೊಳ್ಳಿ. ಸುರಂಗವು ಮುರಕಲ್ಲಿನ ಪದರದಲ್ಲಿ ಇಂಗಿದ ಮಳೆನೀರನ್ನು ಕೊಡುತ್ತದೆ. ಕೊಳವೆಬಾವಿಯು ಅದರ ಕೆಳಗಿನ ಗಟ್ಟಿ ಬಂಡೆಯ ಬಿರುಕಿನಲ್ಲಿರುವುದನ್ನು ಎಳೆಯುತ್ತದೆ, ಬಿರುಕು ಸಿಗದಿದ್ದರೆ ಕೊರೆದ ಹಣ ಹೋದಂತೆಯೇ. ಬದಲಿಗೆ ಮೇಲಿನ ಪಾರೆಯಿಂದ ಹರಿದು ಬರುವ ನೀರನ್ನು ಗೇರುಮರಗಳ ಬುಡದಲ್ಲಿ ಇಂಗುಗುಂಡಿಗಳನ್ನು ಮಾಡಿ ತಡೆಯಿರಿ, ನಿಮ್ಮ ಸುರಂಗದ ನೆತ್ತಿಯ ಮೇಲಿರುವುದು ಅದೇ ಜಾಗ. ತೋಡಿಗೆ ಅಡ್ಡವಾಗಿ ನೆರೆಕರೆಯವರೊಂದಿಗೆ ಸೇರಿ ಮಳೆ ಬಿಟ್ಟ ಮೇಲೆ ಕಟ್ಟ (ನೀರು ತಡೆಯುವ ತಾತ್ಕಾಲಿಕ ಒಡ್ಡು) ಹಾಕುವುದೂ ಆಗಬೇಕು. ಏತಡ್ಕದಲ್ಲಿ ಇಂದಿಗೂ ಸಾಲಾಗಿ ಕಟ್ಟಗಳನ್ನು ಕಟ್ಟುತ್ತಾರೆ. ಒಮ್ಮೆ ಹೋಗಿ ನೋಡಿ ಬನ್ನಿ.

ಉತ್ತರ: ಗದ್ದೆಮನೆ

ಬಾಯಾರಿನ ಅಣ್ಣ ನೀರಿನ ವಿಷಯವನ್ನು ಸರಿಯಾಗಿಯೇ ಹೇಳಿದ್ದಾರೆ. ನಾನು ಗದ್ದೆ ಮತ್ತು ಅಡುಗೆಮನೆಯ ಕುರಿತು ಬರೆಯುತ್ತೇನೆ.

ಗದ್ದೆಯನ್ನು ತುಂಬಿಸಬೇಡಿ. ಕೇರಳದಲ್ಲಿ 2008ರ ಭತ್ತದ ಗದ್ದೆ ಮತ್ತು ತೇವಭೂಮಿ ಸಂರಕ್ಷಣಾ ಕಾಯಿದೆ ಜಾರಿಯಲ್ಲಿದ್ದು, ಗದ್ದೆಗಳ ಸರಕಾರಿ ಪಟ್ಟಿಯಾದ ಡಾಟಾ ಬ್ಯಾಂಕ್‌ನಲ್ಲಿ ಸೇರಿರುವ ಗದ್ದೆಯನ್ನು ಮನಸ್ಸಿಗೆ ಬಂದಂತೆ ಮಣ್ಣು ತುಂಬಿಸಿ ಬದಲಾಯಿಸುವಂತಿಲ್ಲ. ನಿಮ್ಮ ಗದ್ದೆ ಅದರಲ್ಲಿದೆಯೇ ಎಂಬುದನ್ನು ಪಂಚಾಯತಿನ ಕೃಷಿಭವನದಲ್ಲಿ ಮೊದಲು ವಿಚಾರಿಸಿ. ಕಾಗದಪತ್ರ ಮಲಯಾಳದಲ್ಲಿದೆಯೆಂದು ಹಿಂಜರಿಯಬೇಡಿ, ಭಾಷಾ ಅಲ್ಪಸಂಖ್ಯಾತರು ಸರಕಾರಕ್ಕೆ ಕನ್ನಡದಲ್ಲಿ ಬರೆಯಲು 1969ರ ಆಡಳಿತ ಭಾಷಾ ಕಾಯಿದೆಯೇ ಅವಕಾಶ ಕೊಟ್ಟಿದೆ. ಕಾಯಿದೆಯನ್ನು ಬದಿಗಿಟ್ಟರೂ ತೋಡಿನ ಬದಿಯ ಬೈಲುಗದ್ದೆಯಲ್ಲಿ ಮಳೆಗಾಲ ಪೂರ್ತಿ ನೀರು ನಿಲ್ಲುತ್ತದೆ, ಅಡಿಕೆಯ ಬೇರಿಗೆ ಅದು ಒಗ್ಗುವುದಿಲ್ಲ. ನೀರು ಬಸಿದು ಹೋಗಲು ಆಳವಾದ ಉಜಿರುಕಣಿ ತೆಗೆಯುವ ಖರ್ಚೇ ನಿಮ್ಮನ್ನು ಹಣ್ಣು ಮಾಡುತ್ತದೆ.

ಅನ್ನದ ಲೆಕ್ಕ ಹೀಗಿದೆ. ದೋಸೆ, ಕಡುಬು, ಗಂಜಿ ಎಲ್ಲ ಸೇರಿ ನಾಲ್ಕು ಜನರಿಗೆ ತಿಂಗಳಿಗೆ 25 ಕಿಲೋ ಅಕ್ಕಿ ಹಿಡಿದರೆ ವರ್ಷಕ್ಕೆ 300 ಕಿಲೋ. ಭತ್ತದಲ್ಲಿ ಮೂರನೆಯ ಎರಡು ಪಾಲಿನಷ್ಟು ಅಕ್ಕಿ ದೊರೆಯುವುದರಿಂದ ನಿಮಗೆ ನಾಲ್ಕೂವರೆ ಕ್ವಿಂಟಾಲ್ ಭತ್ತ ಬೇಕು. ಊರಿನ ಹಳೆಯ ತಳಿಗಳಲ್ಲಿ ಎಕರೆಗೆ ಎಂಟು ಕ್ವಿಂಟಾಲ್ ಬಂದರೂ ನಿಮ್ಮ ಅರ್ಧ ಎಕರೆಯಲ್ಲಿ ನಾಲ್ಕು ಕ್ವಿಂಟಾಲ್, ಅಂದರೆ ಸುಮಾರು ಹತ್ತು ತಿಂಗಳ ಊಟ. ಮಳೆಗಾಲದ ಒಂದೇ ಏಣಿಲು ಬೆಳೆಯಿಂದ ಇಷ್ಟಾಗುತ್ತದೆ. ಪೇಟೆಯ ಬೆಲೆಗೆ ಹೋಲಿಸಿದರೆ ಇದು ನಷ್ಟದ ಬಾಬತ್ತು ಎಂದು ಚಿಕ್ಕಪ್ಪ ಹೇಳಿದರೆ ಅವರ ಮಾತು ಸುಳ್ಳಲ್ಲ. ಆಳಿನ ಸಂಬಳ ಕೊಟ್ಟು ನೇಜಿ (ಭತ್ತದ ಸಸಿ) ನೆಡಿಸಿ, ಕೊಯ್ಯಿಸಿದ ಅಕ್ಕಿ ಅಂಗಡಿಯ ಅಕ್ಕಿಗಿಂತ ದುಬಾರಿಯೇ. ಆದರೆ ನಿಮಗೆ ಬೈಹುಲ್ಲು ಬೇಕು, ಗದ್ದೆಯಲ್ಲಿ ನಿಂತ ನೀರಿನಿಂದ ಕೆಳಗಿನ ಬಾವಿಗಳು ತುಂಬಬೇಕು, ಕೊಯ್ಲಿನ ಮೇಲೆ ಅದೇ ಮಣ್ಣಿನಲ್ಲಿ ತರಕಾರಿ ಆಗಬೇಕು. ಇವನ್ನು ಲೆಕ್ಕದಿಂದ ಬಿಟ್ಟು ಅಕ್ಕಿಯೊಂದನ್ನೇ ತೂಗುವುದು ನ್ಯಾಯವಲ್ಲ.

ಬಿತ್ತನೆ ಬೀಜಕ್ಕೆ ದೂರ ಹೋಗಬೇಕಾಗಿಲ್ಲ. ಬೆಳ್ಳೂರು ಪಂಚಾಯತಿನ ಬೇಳೇರಿ ಸತ್ಯನಾರಾಯಣರು, 2024ರ ಪದ್ಮಶ್ರೀ ಪುರಸ್ಕೃತರು, ಆರುನೂರೈವತ್ತಕ್ಕಿಂತ ಹೆಚ್ಚು ಭತ್ತದ ತಳಿಗಳನ್ನು ಉಳಿಸಿಕೊಂಡಿದ್ದಾರೆ. ಅವರ ಸಂಗ್ರಹ ಆರಂಭವಾದುದು ರಾಜಕಯಮೆ ಎಂಬ ತಳಿಯಿಂದ. ನೀವು ಮೊದಲ ವರ್ಷ ಒಂದೇ ತಳಿಯನ್ನು ಬೆಳೆಯಿರಿ. ಹತ್ತು ತಳಿ ತಂದು ಹತ್ತು ತುಂಡು ಮಾಡಿದರೆ ಒಂದೊಂದು ಒಂದೊಂದು ಸಮಯಕ್ಕೆ ಹಣ್ಣಾಗಿ ಹಕ್ಕಿಗಳಿಗೆ ಹಬ್ಬವಾಗುತ್ತದೆ.

ತರಕಾರಿ ಬೇಸಗೆಯಲ್ಲಿ ಕಷ್ಟವಿಲ್ಲ. ಗದ್ದೆ ಕೊಯ್ದ ಮೇಲೆ ಸಾಲು ತೆಗೆದು ಸೌತೆ, ಬೆಂಡೆ, ಅಲಸಂಡೆ, ಕುಂಬಳ ಹಾಕಿದರೆ ಬೇಕಾದಷ್ಟಾಗುತ್ತದೆ. ಕಷ್ಟವಿರುವುದು ಜೂನ್‌ನಿಂದ ಆಗಸ್ಟ್ ವರೆಗಿನ ಮೂರು ತಿಂಗಳು. ಅದಕ್ಕಾಗಿಯೇ ನಮ್ಮ ಹಿರಿಯರು ಬಲಿತ ಸೌತೆಕಾಯಿಗಳನ್ನು ತೆಂಗಿನ ಗರಿಯಲ್ಲಿ ಕಟ್ಟಿ ಅಟ್ಟದ ಅಡ್ಡಕ್ಕೆ ನೇತು ಹಾಕುತ್ತಿದ್ದರು, ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಭರಣಿಯ ಬಾಯಿ ಕಟ್ಟುತ್ತಿದ್ದರು, ಹಪ್ಪಳ, ಮಾಂಬಳ, ಪುನರ್ಪುಳಿಯ ಸಿಪ್ಪೆ ಎಲ್ಲವನ್ನೂ ಮೇ ತಿಂಗಳೊಳಗೆ ಒಣಗಿಸಿ ಮುಗಿಸುತ್ತಿದ್ದರು. ಕೆಸು, ಸುವರ್ಣಗೆಡ್ಡೆ, ಮರಗೆಣಸು ಇವು ನೆಲದಲ್ಲಿಯೇ ಇರುವ ಉಗ್ರಾಣ.

ಇಲ್ಲಿ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಈ ಹಪ್ಪಳ, ಉಪ್ಪುಸೊಳೆ, ಹಟ್ಟಿ, ಹಾಲು ಕರೆಯುವುದು, ಇವೆಲ್ಲ ಯಾರ ಕೈಯ ಕೆಲಸ? ನಿಮ್ಮ ಪ್ರಶ್ನೆಯಲ್ಲಿ ಚಿಕ್ಕಪ್ಪನ ಅಭಿಪ್ರಾಯವಿದೆ, ಪತ್ನಿಯ ಅಭಿಪ್ರಾಯ ಒಂದು ಸಾಲೂ ಇಲ್ಲ. ಅದನ್ನು ಕೇಳಿಕೊಂಡ ಮೇಲೆ ದನದ ವಿಷಯಕ್ಕೆ ಬನ್ನಿ. ದನ ಸಾಕುವುದಾದರೆ ಕಾಸರಗೋಡು ಗಿಡ್ಡ ತಳಿಯದ್ದು ಸಾಕು. ದಿನಕ್ಕೆ ಒಂದೆರಡು ಲೀಟರ್ ಹಾಲು ಕೊಡುವ ಆ ಸಣ್ಣ ದನ ಹುಲ್ಲು, ಸೊಪ್ಪು, ಗಂಜಿನೀರಿನಲ್ಲಿ ಬದುಕುತ್ತದೆ, ನಮ್ಮ ಮಳೆಗೂ ಸೆಕೆಗೂ ಒಗ್ಗಿಕೊಂಡಿದೆ. ಮುಖ್ಯವಾಗಿ ಅದು ಗೊಬ್ಬರಕ್ಕೆ, ಹಾಲು ಆಮೇಲಿನದು.

ಉತ್ತರ: ಸಿಪ್ಪೆಗೋಟು

ಅಕ್ಕ ಹೇಳಿದ ಭರಣಿಯೂ ಹಟ್ಟಿಯೂ ಕೇಳಲು ಸೊಗಸಾಗಿವೆ. ಮಗಳ ಶಾಲೆಯ ಶುಲ್ಕವನ್ನೂ ಅಮ್ಮನ ಔಷಧದ ಚೀಟಿಯನ್ನೂ ಉಪ್ಪುಸೊಳೆಯಲ್ಲಿ ಕೊಡಲಾಗುವುದಿಲ್ಲ. ಆದುದರಿಂದ ನಿಮ್ಮ 350 ಅಡಿಕೆ ಮರಗಳನ್ನು ಕಡೆಗಣಿಸಬೇಡಿ ಎನ್ನುವುದಕ್ಕೆ ಇದನ್ನು ಬರೆಯುತ್ತಿದ್ದೇನೆ. ಆರೈಕೆಯಲ್ಲಿರುವ ಮರವೊಂದಕ್ಕೆ ಎರಡು ಕಿಲೋ ಚಾಲಿ (ಒಣಗಿಸಿ ಸುಲಿದ ಅಡಿಕೆ) ಎಂದರೂ ಏಳು ಕ್ವಿಂಟಾಲ್ ಆಗುತ್ತದೆ. ಈ ಭೂಮಿಯಲ್ಲಿ ನಗದು ತರುವ ಬೆಳೆ ಸದ್ಯಕ್ಕೆ ಅದೊಂದೇ.

ಆದರೆ ಅದರ ಮೇಲೆಯೇ ಪೂರ್ತಿ ಭಾರ ಹಾಕಬೇಡಿ. 1970ರ ಸುಮಾರಿಗೆ ಅಡಿಕೆಯ ಬೆಲೆ ನೆಲಕಚ್ಚಿದ ಪೆಟ್ಟಿನಿಂದಲೇ 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. 2000ದ ಆಸುಪಾಸಿನಲ್ಲಿ ಮತ್ತೊಮ್ಮೆ ಕುಸಿದಾಗ ಸಾಲ ಮಾಡಿ ತೋಟ ವಿಸ್ತರಿಸಿದವರ ಪಾಡು ಏನಾಯಿತೆಂಬುದನ್ನು ಚಿಕ್ಕಪ್ಪನನ್ನೇ ಕೇಳಿ. ಈಗ ಎಲೆಚುಕ್ಕೆ ರೋಗ ಬೇರೆ. ಇರುವ ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿ, ನೀರು ಸಾಕಾಗುವುದಾದರೆ ನಡುವೆ ಕೊಕ್ಕೊ ಇಡಿ. ಹೊಸ ಅಡಿಕೆ ಇಟ್ಟರೆ ಫಸಲಿಗೆ ಐದಾರು ವರ್ಷ ಕಾಯಬೇಕು. ಮೆಣಸು ಮೂರನೆಯ ವರ್ಷದಿಂದ ಕೈಗೆ ಬರತೊಡಗುತ್ತದೆ.

ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವುದನ್ನು ತಪ್ಪಿಸುವಂತಿಲ್ಲ. ಮಳೆ ಹಿಡಿಯುವ ಮೊದಲು ಒಮ್ಮೆ, 40ರಿಂದ 45 ದಿನ ಕಳೆದು ಬಿಸಿಲು ಕಂಡಾಗ ಇನ್ನೊಮ್ಮೆ. ನೂರು ಲೀಟರ್ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಬೇರೆ ಬೇರೆಯಾಗಿ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಆಮೇಲೆ ಹೊಳಪಿರುವ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಬೇಕು; ಹಾಗೆಯೇ ಬಿಟ್ಟರೆ ಎಳೆಕಾಯಿ ಸುಟ್ಟು ಹೋಗುತ್ತದೆ. ಮರ ಹತ್ತುವವರು ಸಿಗದಿರುವ ಈ ಕಾಲದಲ್ಲಿ ಫೈಬರ್ ದೋಟಿ (ಉದ್ದನೆಯ ಕೋಲು) ಬಂದು ದೊಡ್ಡ ಉಪಕಾರವಾಗಿದೆ, ನೆಲದಲ್ಲಿ ನಿಂತೇ ಮದ್ದು ಬಿಡಬಹುದು, ಕೊಯ್ಯಲೂಬಹುದು. ಬೆಲೆ ಜಾಸ್ತಿಯಾದುದರಿಂದ ಸ್ವಂತಕ್ಕೆ ಕೊಳ್ಳದೆ, ದೋಟಿಯಿರುವ ಕೆಲಸಗಾರರನ್ನೇ ಗೊತ್ತುಮಾಡಿಕೊಳ್ಳಿ. ಕಳೆಗೆ ಮಾತ್ರ ಕಳೆನಾಶಕ ತರಬೇಡಿ. ಗೇರುತೋಟಗಳಿಗೆ ಆಕಾಶದಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದು, ಅದರ ನೋವನ್ನು ಇನ್ನೂ ಉಣ್ಣುತ್ತಿರುವ ಪಂಚಾಯತು ನಿಮ್ಮದು.

ಕಾಡುಹಂದಿ, ಮಂಗ, ನವಿಲುಗಳ ವಿಷಯವನ್ನು ಯಾರೂ ಎತ್ತಲಿಲ್ಲ. ಗೆಡ್ಡೆಗೆಣಸು ಹಂದಿಗೆ ಬಲು ಪ್ರಿಯ. ಮೊದಲ ವರ್ಷದ ಖರ್ಚಿನಲ್ಲಿ ಬೇಲಿಯನ್ನು ಸೇರಿಸದೆ ಲೆಕ್ಕ ಹಾಕಬೇಡಿ. ಮತ್ತು ದಂಪತಿ ಇಬ್ಬರೂ ಒಮ್ಮೆಗೇ ಸಂಬಳ ಬಿಡಬೇಡಿ, ಒಬ್ಬರ ಉದ್ಯೋಗವು ಮೂರು ವರ್ಷವಾದರೂ ಇರಲಿ. ಇದನ್ನು ಸ್ವಾವಲಂಬನೆಗೆ ವಿರುದ್ಧವೆಂದು ಭಾವಿಸುವವರಿದ್ದಾರೆ. ಸಾಲಗಾರನ ಅವಲಂಬನೆಗಿಂತ ಅದು ಎಷ್ಟೋ ಲೇಸು.

ಪ್ರತಿಕ್ರಿಯೆ: ಮರಳಿ ಊರಿಗೆ

ಮೂವರಿಗೂ ಕೃತಜ್ಞತೆಗಳು. ಪತ್ನಿಗೆ ಈ ಚರ್ಚೆಯನ್ನು ಓದಲು ಕೊಟ್ಟೆ. ಆಕೆಗೆ ಮನೆಯಿಂದಲೇ ಮಾಡಬಹುದಾದ ಉದ್ಯೋಗವಿದ್ದು, ಅದನ್ನು ಬಿಡುವ ಮನಸ್ಸಿಲ್ಲ. ದನ ಮೊದಲ ವರ್ಷ ಬೇಡ, ಗದ್ದೆ ಇರಲಿ ಎಂಬುದು ಆಕೆಯ ತೀರ್ಮಾನ. ಎಪ್ರಿಲ್ ಕೊನೆಗೆ ಬಂದು ಸುರಂಗದ ನೀರನ್ನು ಅಳೆಯುತ್ತೇನೆ. ಆದರೆ ಇಷ್ಟು ವರ್ಷ ಹಡೀಲು ಬಿದ್ದ ಗದ್ದೆಯನ್ನು ಅದೇ ಮಳೆಗಾಲದಲ್ಲಿ ನೆಡಲು ಸಾಧ್ಯವೇ?

ಉತ್ತರ: ಗದ್ದೆಮನೆ

ಸಾಧ್ಯವಿದೆ, ಆದರೆ ಎಪ್ರಿಲ್ ವರೆಗೆ ಕಾಯಬೇಡಿ. ಫೆಬ್ರವರಿ, ಮಾರ್ಚ್‌ನಲ್ಲಿಯೇ ಪೊದೆ ಕಡಿಸಿ, ಬದುಗಳಲ್ಲಿ ಏಡಿ ಕೊರೆದ ತೂತುಗಳನ್ನು ಮಣ್ಣು ಮೆತ್ತಿ ಮುಚ್ಚಿಸಿ, ಒಣ ಉಳುಮೆ ಮಾಡಿಸಿ ಬಿಸಿಲಿಗೆ ಬಿಡಿ. ತೋಡಿನಿಂದ ಗದ್ದೆಗೆ ನೀರು ಬರುವ ಕಣಿಯೂ ಮುಚ್ಚಿಹೋಗಿರಬಹುದು, ಅದನ್ನು ಚಿಕ್ಕಪ್ಪನಿಗೆ ಹೇಳಿ ನೋಡಿಸಿ. ಅರ್ಧ ಎಕರೆಗೆ ನೇಜಿ ಹಾಕಲು 15 ಕಿಲೋ ಬೀಜ ಸಾಕಾಗುತ್ತದೆ. ಬೀಜ ಕೊಡುವವರಿಗೆ ಈಗಲೇ ಹೇಳಿಡಿ, ಮೇ ತಿಂಗಳಲ್ಲಿ ಕೇಳಿದರೆ ಉಳಿದಿರುವುದಿಲ್ಲ. ಮೊದಲ ವರ್ಷ ಹುಲ್ಲು ಬಹಳವಾಗುವುದರಿಂದ ಬಿತ್ತುವುದು ಬೇಡ, ನೆಡುವುದೇ ಒಳ್ಳೆಯದು.