ಹಳೆ ಆಟೊಮ್ಯಾಟಿಕ್ ಕಾರಿನ ಕಿಕ್‌ಡೌನ್ ಕೇಬಲ್ ಕಳಚಿದೆ, ಓಡಿಸಬಹುದಾ?

ಕೊಟ್ಟಾರದಿಂದ: ಮಾವ ಗಲ್ಫಿನಿಂದ ತಂದ ಎಂಬತ್ತರ ದಶಕದ ಟೊಯೋಟಾ ಕೊರೊಲ್ಲಾ ಉಂಟು, ಆಟೊಮ್ಯಾಟಿಕ್. ಈಗ ಹೊರಟ ಕೂಡಲೇ ಟಾಪ್ ಗೇರಿಗೆ ಹೋಗುತ್ತದೆ, ಓವರ್‌ಟೇಕ್ ಮಾಡಲು ಪೆಡಲ್ ಪೂರ್ತಿ ಒತ್ತಿದರೂ ಗೇರ್ ಇಳಿಯುವುದಿಲ್ಲ, ಅಂದರೆ ಕಿಕ್‌ಡೌನ್ ಆಗುವುದಿಲ್ಲ. ಕಾರ್ಬ್ಯುರೇಟರ್ ಪಕ್ಕ ಒಂದು ಕೇಬಲ್ ನೇತಾಡುತ್ತಿದೆ. ಹಾಗೆಯೇ ಓಡಿಸಬಹುದಾ?

ಬಿಜೈಯಿಂದ: ಬೇಡ ಮಾರಾಯ್ರೆ. ಆ ಕಾಲದ ಟೊಯೋಟಾದಲ್ಲಿ ಆ ಕೇಬಲ್ ಗೇರ್ ಇಳಿಸಲಿಕ್ಕೆ ಮಾತ್ರ ಇರುವುದಲ್ಲ. ನೀವು ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ ಅಂತ ಗೇರ್‌ಬಾಕ್ಸಿಗೆ ಗೊತ್ತಾಗುವುದೇ ಅದರಿಂದ, ಒಳಗಿನ ಆಯಿಲ್ ಪ್ರೆಶರ್ ಏರುವುದೂ ಅದರಿಂದಲೇ. ಕೇಬಲ್ ಬಿಟ್ಟರೆ ಪ್ರೆಶರ್ ಸಾಲುವುದಿಲ್ಲ, ಗೇರ್‌ಬಾಕ್ಸಿನ ಒಳಗಿನ ಕ್ಲಚ್ ಪ್ಲೇಟ್ ಜಾರಿ ಜಾರಿ ಸುಟ್ಟುಹೋಗುತ್ತದೆ. ಪಣಂಬೂರು ಕಡೆ ಸಮತಟ್ಟಿನಲ್ಲಿ ಗೊತ್ತಾಗಲಿಕ್ಕಿಲ್ಲ, ಮಣಿಪಾಲದ ಏರು ಹತ್ತಿಸಿ ನೋಡಿ, ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಅಲ್ಲ, ನಿಜವಾಗಿ ಹತ್ತಿಸಬೇಡಿ!

ಮೊದಲು ಇಂಜಿನ್ ಆಫ್ ಮಾಡಿ, ಆ ಕೇಬಲಿನ ಒಳಗಿನ ತಂತಿಯನ್ನು ಕೈಯಲ್ಲಿ ಮೆಲ್ಲ ಎಳೆಯಿರಿ. ಸ್ಪ್ರಿಂಗ್ ಬಿಗಿ ಸಿಕ್ಕಿ, ಬಿಟ್ಟ ಕೂಡಲೇ ಹಿಂದೆ ಹೋದರೆ ಬಚಾವ್, ಮೇಲಿನ ತುದಿ ಮಾತ್ರ ಕಳಚಿದ್ದು. ಸಡಿಲವಾಗಿ ಬಂದರೆ ಒಳಗೆ ಬಿಟ್ಟಿದೆ ಅಥವಾ ತುಂಡಾಗಿದೆ. ಆಗ ಆಯಿಲ್ ಪ್ಯಾನ್ ಬಿಚ್ಚಲೇಬೇಕು, ಅದು ಮನೆಯಂಗಳದ ಕೆಲಸವಲ್ಲ.

ಮಲ್ಪೆಯಿಂದ: ನಮ್ಮದರಲ್ಲಿ ಕ್ಲಿಪ್ ತುಕ್ಕು ಹಿಡಿದು ಹೋಗಿತ್ತು, ಸಮುದ್ರದ ಬದಿ ಅಲ್ವಾ. ಒಬ್ಬರು ಬೈಂಡಿಂಗ್ ತಂತಿಯಲ್ಲಿ ಕಟ್ಟಿ ಕಳಿಸಿದರು, ಎರಡು ಹೊಂಡಕ್ಕೇ ಬಿಟ್ಟಿತು. ಬರೇ ಸಿಕ್ಕಿಸಿದರೆ ಆಗಲಿಲ್ಲ, ಅಡ್ಜಸ್ಟ್ ಮಾಡಬೇಕು. ಒಬ್ಬರು ಒಳಗೆ ಕೂತು ಪೆಡಲ್ ತಳಕ್ಕೆ ಒತ್ತಲಿ. ಕಾರ್ಬ್ಯುರೇಟರಿನಲ್ಲಿ ಥ್ರಾಟಲ್ ಪೂರ್ತಿ ತೆರೆಯುತ್ತದಾ ನೋಡಿ, ಇಲ್ಲದಿದ್ದರೆ ಮೊದಲು ಆಕ್ಸಿಲರೇಟರ್ ಕೇಬಲ್ ಸರಿ ಮಾಡಿ. ಆಮೇಲೆ ಪೆಡಲ್ ಹಾಗೆಯೇ ಒತ್ತಿಟ್ಟು ನೋಡಿದರೆ, ಕಿಕ್‌ಡೌನ್ ಕೇಬಲಿನ ತುದಿಯ ರಬ್ಬರ್ ಬೂಟಿಗೂ (ಮುಚ್ಚಳ) ಒಳತಂತಿಗೆ ಕಚ್ಚಿಸಿದ ಸ್ಟಾಪರಿಗೂ (ಚಿಕ್ಕ ಲೋಹದ ಗುಂಡು) ನಡುವೆ 0ರಿಂದ 1 ಮಿ.ಮೀ. ಇರಬೇಕು. ಜಾಸ್ತಿ ಬಿಗಿ ಮಾಡಿದರೆ ಗೇರ್ ತಡವಾಗಿ, ಜಟಕಾ ಹೊಡೆದು ಬೀಳುತ್ತದೆ.

ಬಿಜೈಯಿಂದ: ಹೌದು. ಗೇರ್‌ಬಾಕ್ಸಿನ ಆಯಿಲ್ ಕೂಡ ನೋಡಿ, ಬಿಸಿಯಾದ ಮೇಲೆ, ಇಂಜಿನ್ ಓಡುವಾಗಲೇ, ‘ಪಿ’ (ಪಾರ್ಕ್)ಯಲ್ಲಿಟ್ಟು. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಪ್ಲೇಟಿಗೆ ಪೆಟ್ಟು ಬಿದ್ದಿದೆ.

ಕೊಟ್ಟಾರದಿಂದ: ಆದರೆ ಒಂದು ವಿಡಿಯೋದಲ್ಲಿ ಕೇಬಲ್ ಇಲ್ಲದೆಯೂ ಏನೂ ಆಗುವುದಿಲ್ಲ ಅಂದಿದ್ದರಲ್ಲ?

ಮಲ್ಪೆಯಿಂದ: ಅದು ಅಮೆರಿಕದ ಗಾಡಿ ಇರಬೇಕು. ಜಿಎಂ (ಜನರಲ್ ಮೋಟಾರ್ಸ್) ಕಂಪೆನಿಯ ಟಿಎಚ್350 ಗೇರ್‌ಬಾಕ್ಸಿನಲ್ಲಿ ಕೇಬಲ್ ಕಿಕ್‌ಡೌನಿಗೆ ಮಾತ್ರ. ಅದೇ ಕಂಪೆನಿಯ 700ಆರ್4ನಲ್ಲಿ ಕೇಬಲ್ ಬಿಟ್ಟು ಓಡಿಸಿದರೆ ಗೇರ್‌ಬಾಕ್ಸೇ ಹೋಗುತ್ತದೆ. ನಿಮ್ಮದು ಆ ಎರಡನೇ ಜಾತಿ. ಹೊಸ ಕೇಬಲ್ ಸಿಗದಿದ್ದರೆ ಹಳೆಯದನ್ನು ಎಸೆಯಬೇಡಿ, ಅಳತೆಗೆ ಮಾಡಿಸುವಾಗ ಸ್ಟಾಪರಿನ ಜಾಗ ಅದರಿಂದಲೇ ಗುರುತು ಹಾಕಬೇಕು.