ಮಿನಾಂಗ್‌ಕಬಾವು ಹಳ್ಳಿಯ ಗದ್ದೆ ಯಾರದು?

ಪ್ರಶ್ನೆ: ಇಂಡೋನೇಷ್ಯಾದ ಪಶ್ಚಿಮ ಸುಮಾತ್ರದ ಮಿನಾಂಗ್‌ಕಬಾವು ಜನರ ಹಳ್ಳಿಗಳಲ್ಲಿ ಗದ್ದೆಯು ತಾಯಿಯಿಂದ ಮಗಳಿಗೆ ಬರುತ್ತದೆಯಂತೆ. ಕಷ್ಟಕಾಲದಲ್ಲಿ ಆಕೆ ಅದನ್ನು ಮಾರಬಹುದೇ?

ಉತ್ತರ 1: ಸಂಪ್ರದಾಯದಂತೆ ಮಾರುವ ಹಾಗಿಲ್ಲ. ತಲೆಮಾರುಗಳಿಂದ ಬಂದ ಗದ್ದೆಯು ತಾಯಿಯ ಕಡೆಯ ಇಡೀ ಕುಟುಂಬದ ಸ್ವತ್ತು. ಉಳುಮೆ ಮಾಡಿ ಫಸಲು ಉಣ್ಣುವ ಹಕ್ಕು ಹೆಣ್ಣುಮಕ್ಕಳದು, ಮೇಲ್ವಿಚಾರಣೆ ಮಾತ್ರ ಸೋದರಮಾವನದು. ಮನೆಯಲ್ಲಿ ಹೆಣ ಮಲಗಿದ್ದು ಸಂಸ್ಕಾರಕ್ಕೆ ಹಣವಿಲ್ಲದಾಗ, ಬೆಳೆದ ಹೆಣ್ಣು ಮದುವೆಯಾಗದೆ ಉಳಿದಾಗ, ಕುಲದ ದೊಡ್ಡ ಮನೆ ಶಿಥಿಲವಾದಾಗ ಅಥವಾ ಕುಲದ ಮುಖಂಡನಿಗೆ ಪಟ್ಟ ಕಟ್ಟಬೇಕಾದಾಗ, ಎಲ್ಲರ ಒಪ್ಪಿಗೆ ಪಡೆದು ಅಡವಿಡಬಹುದು. ಇದು ಬಡವರನ್ನು ಕಾಯುವ ಕಟ್ಟಳೆಯೆಂದೇ ನನ್ನ ದೃಢ ಅಭಿಪ್ರಾಯ.

ಉತ್ತರ 2: ಸ್ವಯಾರ್ಜಿತಕ್ಕೆ ಈ ನಿರ್ಬಂಧವಿಲ್ಲ, ತಂದೆ ದುಡಿದು ಗಳಿಸಿದ್ದು ಆತನ ಮಕ್ಕಳಿಗೆ ಸಲ್ಲಬಹುದು.

ಪ್ರಶ್ನೆ ಕೇಳಿದವರು: ಅಡವಿಟ್ಟದ್ದು ಸಾಲ ಕೊಟ್ಟವನ ಕೈಯಲ್ಲೇ ಉಳಿದರೆ?

ಉತ್ತರ 1: ಇಂಡೋನೇಷ್ಯಾದ 1960ರ ಕಾನೂನಿನ ಪ್ರಕಾರ, 7 ವರ್ಷ ಅಡವಿನಲ್ಲಿದ್ದ ಕೃಷಿಭೂಮಿಯನ್ನು ಹಣ ಕೇಳದೆ ಹಿಂದಿರುಗಿಸಬೇಕು.